ಕಾಕಂಬಿ

ನನ್ನ ಕೆಲಸ ಏಟು ತಿನ್ನೋದು.
ಅದಕ್ಕೇ ಆರಿಸಿಕೊಂಡೆ ಅವನನ್ನ:
ಬಾಗಿಲಗಲ ಎದೆ, ತಲೆಗೆ ಟಗರಿನ ಕೊಂಬು,
ಕೈಲಿ ಆಲೆಮನೆ ಕೊಪ್ಪರಿಗೆಯಷ್ಟು ಗುರಾಣಿ.
ಹೆಸರು ಭೈರ. ಗಡ್ಡ ಇದೆ.
ಆಟದೊಳಗೆ ಎಲ್ಲರೂ ನನ್ನ ಅಣ್ಣ ಅಂತಾರೆ.

ಮೈಕು ಹಾಕೋದಿಲ್ಲ ನಾನು.
ಒಂದ್ಸಲ ಹಾಕಿದ್ದೆ. ‘ಎಡಕ್ಕೆ ಬನ್ರೋ’ ಅಂದೆ, ಅಷ್ಟೇ.
ಯುದ್ಧ ನಿಂತೇ ಹೋಯಿತು.
ಎದುರಾಳಿಗಳೂ ಸೇರಿ ಒಂಬತ್ತು ಜನ
ನನ್ನ ಊರು, ನಂಬರು, ಮದುವೆ ವಿಚಾರಿಸಿದರು.

ಹಗಲು ಗಾರ್ಮೆಂಟ್ಸು, ಇಪ್ಪತ್ತೊಂಬತ್ತನೇ ಮಿಷನ್ನು.
ಗಂಟೆಗೆ ಎಂಬತ್ತು ಕಾಲರು; ಎಪ್ಪತ್ತೆಂಟಾದರೆ
ಸೂಪರ್‌ವೈಸರ್ ಬಾಯೇ ಸೂಜಿ.
ರಾತ್ರಿ ಗುತ್ತಲು ರಸ್ತೆಯ ರೂಮಿನಲ್ಲಿ
ಪ್ರಮೀಳಕ್ಕ, ಸಾಕಮ್ಮ ಮಲಗಿದ ಮೇಲೆ
ಹೊದಿಕೆಯೊಳಗೆ ಮೊಬೈಲು ಹಚ್ಚುತ್ತೇನೆ.
ಬಲಮೂಲೆಯಲ್ಲಿ ಗಾಜು ಒಡೆದಿದೆ,
ಅಲ್ಲಿಂದ ಬರುವ ವೈರಿ ನನಗೆ ಇಬ್ಬರಾಗಿ ಕಾಣುತ್ತಾನೆ.

ಐದು ಜನ ಬೇಕು ಒಂದು ಪಡೆಗೆ.
ಬಿಲ್ಲಿನವಳು ಬೇಕು, ಹಿಂದೆ ನಿಂತು ಎಣಿಸಿ ಎಣಿಸಿ ಕೊಲ್ಲೋಕೆ.
ಬೆಂಕಿ ಉಗುಳೋ ಜೋಗಿ ಬೇಕು,
ಒಮ್ಮೆ ಉಗುಳಿದರೆ ಹನ್ನೆರಡು ಸೆಕೆಂಡು ಬರಿಗೈ.
ಚೂರಿಯವನು ಬೇಡ ಅಂದರೂ ಬರುತ್ತಾನೆ,
ಪೊದೆಯಲ್ಲಿ ಕಾದು, ನಾವು ಅರೆಜೀವ ಮಾಡಿಟ್ಟವನ ಕೊಂದು
ನಾನೇ ನಾನೇ ಅಂತ ಕುಣಿಯುತ್ತಾನೆ.
ಔಷಧಿಯವರು ಮಾತ್ರ ಯಾರಿಗೂ ಬೇಡ.
ಅಂದರೆ, ಆಗೋದು ಬೇಡ.
ಸಾಯುವಾಗ ಎಲ್ಲರಿಗೂ ಬೇಕು.

ಶ್ರಾವಣದಲ್ಲಿ ಸಿಕ್ಕಿದ್ದು ಕಾಕಂಬಿ.
ಇಂಗ್ಲಿಷಿನಲ್ಲಿ ಬರೆದಿದ್ದ ಹೆಸರು ಬಿಡಿಸಿ ಓದಿ ನಕ್ಕೆ.
ಸಕ್ಕರೆ ತೆಗೆದ ಮೇಲೆ ಉಳಿಯೋ ಕರೀ ಜಿಗುಟು,
ದನಕ್ಕೂ ಹಾಕ್ತಾರೆ, ಸಾರಾಯಿಗೂ ಹೋಗುತ್ತೆ,
ಅದನ್ನ ಯಾರಾದರೂ ಹೆಸರಿಗೆ ಇಟ್ಟುಕೊಳ್ತಾರಾ?

ಆರು ವಾರ. ಒಬ್ಬರನ್ನೂ ಕೊಲ್ಲಲಿಲ್ಲ ಅವರು.
ನನ್ನ ಬೆನ್ನಿಗೆ ಎರಡು ಮಾರು ಬಿಟ್ಟು
ಹಸಿರು ಬೆಳಕು ಎಸೆಯುತ್ತಾ ನಡೆದರು.
ಬೇಗ ಎಸೆದರೆ ದಂಡ, ತಡವಾದರೆ ಹೆಣ.
ನನ್ನ ಕೆಂಪು ಗೆರೆ ಕೂದಲಷ್ಟು ಉಳಿದಾಗ ಬರುತ್ತಿತ್ತು,
ಕಾಲರಿನ ಮೂಲೆಯಲ್ಲಿ ಸೂಜಿ ಊರಿ, ಪಾದ ಎತ್ತಿ,
ಬಟ್ಟೆ ತಿರುಗಿಸುತ್ತೇವಲ್ಲ,
ಅಷ್ಟು ಸರಿಯಾಗಿ.

ಅವರ ಮೈಕು ಸದಾ ತೆರೆದೇ ಇರುತ್ತಿತ್ತು. ಮಾತಿಲ್ಲ.
ಒಂದು ಫ್ಯಾನು ಕಟಕಟ.
ಕೆಮ್ಮು, ಅವರದೋ ಮನೆಯಲ್ಲಿ ಇನ್ಯಾರದೋ.

ಅವತ್ತು ಸೇತುವೆಯ ಮೇಲೆ ಕಾಳಗ.
ಮೂವರು ಸತ್ತು, ಮತ್ತೆ ಹುಟ್ಟೋಕೆ ಸರದಿಯಲ್ಲಿದ್ದರು.
ಹತ್ತು ಗಂಟೆ.
ಕಿಟಕಿಯಾಚೆ ಸಕ್ಕರೆ ಕಾರ್ಖಾನೆ ಸೈರನ್ನು ಕೂಗಿತು, ಪಾಳಿ ಬದಲು.
ಆಮೇಲೆ ಕಿವಿಯೊಳಗೆ
ಅದೇ ಸೈರನ್ನು, ಮತ್ತೆ,
ಅರ್ಧ ಉಸಿರು ತಡವಾಗಿ, ಸ್ವಲ್ಪ ತೆಳ್ಳಗೆ,
ಯಾವುದೋ ದೇಶದ ಯಂತ್ರ ಮುಟ್ಟಿ ವಾಪಸು ಬಂದ ಹಾಗೆ.

ಗುರಾಣಿ ಇಳಿಸಿಬಿಟ್ಟೆ. ಸತ್ತೆ.
‘ಏನಣ್ಣಾ, ನಿದ್ದೆನಾ?’ ಚೂರಿ ಬೈದ.
ನಾನು ಲೆಕ್ಕ ಹಾಕುತ್ತಿದ್ದೆ:
ಕಲ್ಲಹಳ್ಳಿಯಾ? ಹೊಸಹಳ್ಳಿಯಾ? ರೈಲ್ವೆ ಗೇಟಿನ ಪಕ್ಕವಾ?
ಕ್ಯಾಂಟೀನಲ್ಲಿ ಉಪ್ಪು ಕೇಳಿದವಳಾ?
ನೂರಡಿ ರಸ್ತೆಯ ಬೇಕರಿ ಹುಡುಗನಾ?
ಮೊಮ್ಮಗನ ಮೊಬೈಲು ಕದ್ದು ಆಡೋ ಮೇಷ್ಟರಾ?

‘ಮಂಡ್ಯನಾ’ ಅಂತ ಟೈಪು ಮಾಡಿದೆ.
ಅಳಿಸಿದೆ.
ನನ್ನನ್ನೂ ಹಾಗೇ ಕೇಳಿದ್ದರಲ್ಲ, ಒಂಬತ್ತು ಜನ.

ಮಾರನೇ ರಾತ್ರಿ ಹತ್ತಕ್ಕೆ ಎರಡು ನಿಮಿಷ ಇರುವಾಗ
ಭೈರನನ್ನ ಕೋಟೆಯೊಳಗೇ ನಿಲ್ಲಿಸಿದೆ.
ಮೈಕಿನ ಮೇಲಿದ್ದ ಅಡ್ಡಗೆರೆ ಒತ್ತಿದೆ.
ಮೊದಲು ಸಾಕಮ್ಮನ ಗೊರಕೆ ಹೋಯಿತು,
ಎದುರುಮನೆ ನಾಯಿ ಹೋಯಿತು,
ಆಮೇಲೆ ಕಿಟಕಿ ತೆಗೆದು
ಇಯರ್‌ಫೋನಿನ ಕಡಲೆಕಾಳಿನಷ್ಟು ಮೈಕನ್ನ
ಸರಳಿನಾಚೆ ಹಿಡಿದೆ,
ಸೈರನ್ನು ಪೂರ್ತಿ ಹೋಗಲಿ ಅಂತ.

ಆ ಕಡೆ ಫ್ಯಾನಿನ ಕಟಕಟ ನಿಂತಿತು. ಯಾರೋ ಆರಿಸಿದರು.

ನನ್ನ ಮೈಮೇಲೆ ಗಾಯ ಒಂದೂ ಇರಲಿಲ್ಲ, ಗೆರೆ ತುಂಬಿತ್ತು,
ಆದರೂ ಬಂತು ಹಸಿರು ಬೆಳಕು.
ಇನ್ನೊಂದು ಬಂತು.
ಜೋಗಿ ರೇಗಿದ:
‘ಲೋ ಕಾಕಂಬಿ, ಯಾಕ್ಲಾ ಸುಮ್‌ಸುಮ್ನೆ ಸುರೀತೀಯ?’