ಬಾಯಿ ತೆರೆದ ಗೊಂಬೆ

ಮೊದಲು ಕೂದಲು ಬಿಚ್ಚುತ್ತೇನೆ.
ಅಂಗೋರಾ ಮೇಕೆಯ ಉಣ್ಣೆ, ನೂರು ವರ್ಷದ ಸರೇಸು,
ಹಬೆ ಹಿಡಿದರೆ ಒಲ್ಲದ ಮನಸ್ಸಿನಿಂದ ಸಡಿಲ.
ನೆತ್ತಿಯ ರಟ್ಟಿನ ಮುಚ್ಚಳ ಎತ್ತಿದರೆ
ಒಳಗೆ ಧೂಳು, ಕತ್ತಲು, ಕಣ್ಣುಗಳ ಬೆನ್ನು.

ಕಣ್ಣಿಗೂ ಬೆನ್ನುಂಟೆಂದು
ಈ ಕೆಲಸಕ್ಕೆ ಬಂದ ಮೇಲೇ ತಿಳಿದದ್ದು:
ಗಾಜಿನ ಎರಡು ಬುರುಡೆ, ನಡುವೆ ತಂತಿ,
ತಂತಿಯ ತುದಿಗೆ ಸೀಸದ ಗುಂಡು.
ಮಲಗಿಸಿದರೆ ನಿದ್ದೆ, ಎತ್ತಿದರೆ ಎಚ್ಚರ.
ಗುಂಡು ಕಳಚಿದವಕ್ಕೆ
ಮಲಗಿದರೂ ರೆಪ್ಪೆ ಕೂಡುವುದಿಲ್ಲ.
ಎರ್ಫುರ್ಟಿನ ಈ ಗಲ್ಲಿಗೆ
ಅಂಥವೇ ಹೆಚ್ಚು ಬರುತ್ತವೆ.

ಇದನ್ನು ತಂದವರು ಎಕಾರ್ಟ್ ಲಾಟರ್‌ಬಾಖ್,
ಎಂಬತ್ತಾರರ ಮುದುಕ, ಟ್ರಾಮಿನಲ್ಲಿ,
ತುಂಬಿದ ಹಾಲಿನ ಕ್ಯಾನಿನಂತೆ ನೆಟ್ಟಗೆ ಹಿಡಿದು.
ತಂಗಿಯದಂತೆ. ತಂಗಿಯ ಮರಿಮೊಮ್ಮಗಳಿಗೆ ಬೇಕಂತೆ.
‘ನನಗೂ ಇದಕ್ಕೂ ಅಷ್ಟಕ್ಕಷ್ಟೆ’ ಎಂದು
ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು.

ಪುಟ್ಟ ಬಲ್ಬನ್ನು ತಲೆಯೊಳಗೆ ಇಳಿಸಿದೆ.
ಪಿಂಗಾಣಿಯ ಕೆನ್ನೆ ಒಳಗಿನಿಂದ ಕೆಂಪೇರಿತು,
ಕಿವಿಯಿಂದ ಹುಬ್ಬಿನವರೆಗೆ
ಕೂದಲೆಳೆಯಷ್ಟು ಬಿರುಕು. ಅದು ನಿರೀಕ್ಷಿಸಿದ್ದೇ.
ನಿರೀಕ್ಷಿಸದೆ ಇದ್ದದ್ದು ಗಲ್ಲದ ಗುಳಿಯ ಹಿಂಬದಿ,
ಗಂಟುಗಂಟಾಗಿ ಗಟ್ಟಿಯಾದದ್ದು ಏನೋ.
ಪ್ಲಾಸ್ಟರ್ ಇರಬೇಕೆಂದು ಚಿಮುಟದಲ್ಲಿ ಕಿತ್ತೆ.
ನೀರಿನ ಹನಿಯೊಂದು ಬಿಟ್ಟು ಮೂಸಿದೆ:
ಹುಳಿ. ಆಮೇಲೆ, ಬಹಳ ದೂರದಿಂದ, ಶಾಜೀರಿಗೆ.

ಬ್ರೆಡ್ಡು.
ಮಗುವಿನ ಉಗುರಿನಷ್ಟಷ್ಟು ಮುರಿದು
ಮೇಲಿನ ಎರಡು ಹಲ್ಲಿಗೂ ಕೆಳದುಟಿಗೂ ನಡುವಿನ
ಸಂದಿಯಲ್ಲಿ ತೂರಿಸಿದ ತುಣುಕುಗಳು.
ಮೂವತ್ತೊಂದರವರೆಗೆ ಎಣಿಸಿ ಬಿಟ್ಟೆ.
ತಟ್ಟೆಯಲ್ಲಿ ಹಾಕಿ, ಗಾಜು ಮುಚ್ಚಿಟ್ಟೆ,
ಎಸೆಯುವ ಹಕ್ಕು ನನ್ನದಲ್ಲವೆಂದು.

ಗುರುವಾರ ಬಂದವರು ತಟ್ಟೆ ನೋಡಿದರು.
ಕೋಟಿನ ಗುಂಡಿ ಬಿಚ್ಚಲಿಲ್ಲ, ಕೂರಲೂ ಇಲ್ಲ.
‘ನಲವತ್ತಾರರ ಚಳಿಗಾಲ. ಅಪ್ಪ ಇನ್ನೂ ಸೆರೆಯಲ್ಲಿ.
ಹೊಟ್ಟೆಗೆ ತಣ್ಣೀರು ಬಟ್ಟೆ.
ಅಮ್ಮ ಬ್ರೆಡ್ಡನ್ನು ಕಾಗದದ ತಕ್ಕಡಿಯಲ್ಲಿ ತೂಗುತ್ತಿದ್ದಳು,
ಕೊಯ್ದ ಮೈಮೇಲೆ ಪೆನ್ಸಿಲಿನ ಗುರುತು ಹಾಕುತ್ತಿದ್ದಳು.
ಆದರೂ ದಿನಾ ಒಂದು ಮೂಲೆ ಮಾಯ.
ನನಗೆ ಒಂಬತ್ತು. ತಂಗಿಗೆ ಐದು.
ಯಾರ ಮೇಲೆ ಅನುಮಾನ ಬರುತ್ತದೆ, ನೀವೇ ಹೇಳಿ.
ಅಮ್ಮನ ಕೈ ದೊಡ್ಡದಲ್ಲ,
ಆದರೆ ಬೆರಳಲ್ಲಿ ಇನ್ನೂ ಉಂಗುರ ಇತ್ತು.
ಫೆಬ್ರುವರಿಯಲ್ಲಿ ಅದನ್ನೂ ಆಲೂಗೆಡ್ಡೆಗೆ ಕೊಟ್ಟಳು.’

ಸಾಯುವಾಗಲೂ ಆಕೆ ನಂಬಿದ್ದಳಂತೆ.
ಇದು ಮಾತ್ರ ಕಪಾಟಿನ ಮೇಲೆ ಕೂತು
ಎಲ್ಲ ನೋಡುತ್ತಿತ್ತು. ಬಾಯಿ ತೆರೆದೇ ಇತ್ತು,
ಒಂದು ದಿನವೂ ಬಾಯಿ ಬಿಡಲಿಲ್ಲ.

ನನ್ನ ಅಂಗಡಿಯ ಫೋನಿನಿಂದಲೇ ಕರೆದರು.
‘ಗುಡ್ರುನ್, ಆ ಬ್ರೆಡ್ಡು ಸಿಕ್ಕಿತು.’
ಆ ಕಡೆ ಗಡಿಯಾರ ಬಡಿಯುವುದು ಕೇಳಿತು,
ರೇಡಿಯೋ ಆರಿಸಿದ್ದೂ ಕೇಳಿತು.
ಆಮೇಲೆ ಸಣ್ಣ ದನಿ, ಎಂಬತ್ತೆರಡರದಲ್ಲ, ಐದರದು:
‘ಅವಳ ಹೆಸರಿಗೆ ರೇಷನ್ ಚೀಟಿ ಇರಲಿಲ್ಲವಲ್ಲ, ಅಣ್ಣಾ.’

ನಾನು ಕುಂಚ ತೊಳೆಯುವವಳಂತೆ ಆ ಕಡೆ ತಿರುಗಿದೆ.
ತಿರುಗಿ ನೋಡಿದಾಗ ತಟ್ಟೆಯ ಗಾಜು ಪಕ್ಕಕ್ಕಿತ್ತು,
ಮುದುಕ ಏನನ್ನೋ ದವಡೆಯಲ್ಲಿ ನೆನೆಸುತ್ತಿದ್ದರು.
ಅಯ್ಯೋ, ಸರೇಸು ತಾಗಿದೆ, ಉಗಿಯಿರಿ ಎಂದೆ.
‘ಏಟು ಆಗಲೇ ತಿಂದಿದ್ದೆ’ ಎಂದರು,
‘ಬ್ರೆಡ್ಡು ತಿನ್ನುವುದು ಬಾಕಿ ಇತ್ತು.’

ಎಲ್ಲ ತೆಗೆದು ಶುಚಿ ಮಾಡಬೇಕು, ಹುಳು ಬೀಳುತ್ತದೆ:
ನನಗೆ ಕಲಿಸಿದವರು ಹೇಳಿಕೊಟ್ಟದ್ದು ಅದೇ.
ಉಳಿದದ್ದನ್ನು ಒಲೆಯಲ್ಲಿ ಒಣಗಿಸಿ
ಮಸ್ಲಿನ್ ಚಿಂದಿಯಲ್ಲಿ ಕಟ್ಟಿ
ಸೀಸದ ಗುಂಡಿಗೆ ತಾಗದ ಹಾಗೆ
ಅಲ್ಲೇ ಗಲ್ಲದ ಹಿಂದೆ ಅಂಟಿಸಿದೆ.
ಬಿರುಕಿಗೆ ಬಣ್ಣ ಬಳಿಯಲಿಲ್ಲ.
ಕೈಕಾಲಿಗೆ ಹೊಸ ಎಲಾಸ್ಟಿಕ್, ಮುರಿದ ಕಿರುಬೆರಳಿಗೆ ಹೊಸದು.
ಬಿಲ್ಲು: ಎಂಬತ್ತೈದು ಯೂರೋ.

ಹೊರಡುವ ಮುನ್ನ ಮುದುಕ ಅದನ್ನು
ಮೊಣಕೈ ಮೇಲೆ ಮಲಗಿಸಿ ನೋಡಿದರು.
ಎಡಗಣ್ಣು ಕೂಡಲೇ ಮುಚ್ಚಿತು.
ಬಲಗಣ್ಣು ತುಸು ತಡವಾಗಿ.
ಸರಿ ಮಾಡಿಕೊಡಲೇ ಎಂದು ಕೇಳಿದೆ.
ಬೇಡ, ಇರಲಿ, ಎಂದರು.