ಹಸಿ ಅಂಚು

ಟ್ರಿಯೆಸ್ಟೆ. ನಾಲ್ಕನೇ ಮಹಡಿ. ಕಿಟಕಿ ಮುಚ್ಚಿದ್ದರೂ
ಸಂದಿನಲ್ಲಿ ಬೋರಾ ಗಾಳಿಯ ಸಿಳ್ಳೆ.
ಗೋಡೆಗೆ ಮುಖಮಾಡಿ ನಿಂತಿದ್ದಾಳೆ ನೀವೆಸ್,
ಸೊಂಟದ ಮೇಲೆ ಕೈ, ಹುಬ್ಬಿನಲ್ಲಿ ಕಾವಿ.

ಗೋಡೆ ಕೆಟ್ಟಿದೆ.

ಮೂರಡಿಗೊಂದು ಪಟ್ಟೆ, ಮೇಲಿಂದ ಕೆಳಗೆ,
ಬಹಳ ದಿನ ಮಡಚಿಟ್ಟ ಚಾದರ
ಹಾಸಿದ ಮೇಲೂ ಗೆರೆ ಬಿಡದ ಹಾಗೆ.
ನಿನ್ನೆ ರಾತ್ರಿ ದೀಪದಲ್ಲಿ ಜೇನಿನಂತಿತ್ತು;
ಬೆಳಗ್ಗೆ ಅಡ್ಡಬಿಸಿಲು ಬಿದ್ದದ್ದೇ
ಬಣ್ಣ ಬಯಲು.

ಮನೆಯೊಡತಿ ಸಿನ್ಯೋರಾ ಜೆರಿಯಲ್
ಬಂದಳು, ನೋಡಿದಳು, ಏನೂ ಅನ್ನಲಿಲ್ಲ.
ಕಾಫಿ ಇಟ್ಟು ಹೋದಳು.
ಬೈದಿದ್ದರೆ ವಾಸಿಯಿತ್ತು.

ಒಂದೊಂದನ್ನೇ ವಿಚಾರಿಸುತ್ತಾಳೆ ನೀವೆಸ್.
ತಳದ ಬಣ್ಣವೇ? ಎಂಟು ದಿನ ಒಣಗಿದೆ,
ನೀರು ಚಿಮುಕಿಸಿದರೆ ಹೀರದೆ ಜಾರುತ್ತದೆ. ಅದರದಲ್ಲ.
ಅಗಸೆ ಎಣ್ಣೆಯೇ? ಮೂಸಿದಳು. ಹೊಸದೇ.
ಸಿಯೆನಾ ಮಣ್ಣೇ? ಒಂದಕ್ಕೆ ಏಳು, ಯಾವತ್ತಿನ ಲೆಕ್ಕ.
ಹಾಗಾದರೆ ಗಾಳಿ. ಬೋರಾ ಬೀಸಿತೆಂದರೆ
ಅರ್ಧ ಗಂಟೆಯ ಹಸಿ ಹತ್ತು ನಿಮಿಷಕ್ಕೇ ಅಂಟು.
ಗಾಳಿಯ ತಲೆಗೆ ಕಟ್ಟಬಹುದು.
ಕಟ್ಟಿದಳು.
ನಿಲ್ಲಲಿಲ್ಲ.

ಯಾಕೆಂದರೆ ಇಪ್ಪತ್ತಾರು ಚಳಿಗಾಲ ಇದೇ ಗಾಳಿ,
ಇದೇ ಬೀದಿಯಲ್ಲಿ ಎಷ್ಟು ಮನೆ, ಎಷ್ಟು ಗೋಡೆ!
ಆಗ ಎಡಗಡೆ ಎಜಿದಿಯೋ ಇದ್ದ.
ಇವಳು ತೆಳ್ಳಗೆ ಬಳಿಯುತ್ತ ಮುಂದೆ,
ಅವನು ಬಟ್ಟೆ ಮುದ್ದೆಮಾಡಿ ಒತ್ತುತ್ತ ಹಿಂದೆ,
ಒಂದು ಅಂಚು ಆರುವ ಮೊದಲೇ ಇನ್ನೊಂದರ ಹಸಿ,
ಮುಖ ನೋಡದೆ, ಬೈದಾಡಿಕೊಂಡೇ, ಮೂಲೆಯವರೆಗೆ.
ನಿಂತರೆ ಮೂಲೆಯಲ್ಲೇ ನಿಲ್ಲಬೇಕು.
ನಡುಗೋಡೆಯಲ್ಲಿ ಉಸಿರೆಳೆದುಕೊಂಡರೂ
ಗೆರೆ.

ಈಗವನು ಗೊರಿಟ್ಸಿಯಾದಲ್ಲಿ, ತಂಗಿಯ ಮನೆಯಲ್ಲಿ.
ಮೊಣಕಾಲು ಕೈಕೊಟ್ಟಿದೆ.
ಫೋನಿನಲ್ಲಿ ಹೇಳಿದ: ಕಿಟಕಿಗೆ ಒದ್ದೆ ಕಂಬಳಿ ಕಟ್ಟು,
ಎಣ್ಣೆ ಒಂದು ಚಮಚ ಜಾಸ್ತಿ, ಒಲೆ ಆರಿಸು.
ಇವಳು ಕೇಳಿದಳು: ಕೈ?
ಆ ಕಡೆಯೂ ಗಾಳಿ ಬೀಸುತ್ತಿತ್ತು.

ಒಣಗಿದ್ದು ಟರ್ಪೆಂಟೈನಿಗೆ ಬಗ್ಗುವುದಿಲ್ಲ.
ಉಜ್ಜಿ, ಮತ್ತೆ ತಳದ ಬಣ್ಣ, ಮತ್ತೆ ಎಂಟು ದಿನ.

ಒಂಬತ್ತನೆಯ ಬೆಳಗ್ಗೆ ಒಳಗಿನವಳನ್ನು ಕೂಗಿದಳು:
ಸಿನ್ಯೋರಾ, ಹಳೇ ಬನಿಯನ್ ಇದ್ದರೆ ತನ್ನಿ,
ನೂಲು ಬಿಡದಂಥದ್ದು. ನೀವೂ ಬನ್ನಿ.

ಮುದುಕಿಯ ಒತ್ತು ದೊಡ್ಡದು, ಓರೆ.
ಕೆಲವು ಕಡೆ ಮೋಡ, ಕೆಲವು ಕಡೆ ಬರೀ ಅಂಗೈ.
ಆದರೂ ಅಂಚು ಹಸಿಯಾಗೇ ಇತ್ತು.
ಬಾಗಿಲ ಚೌಕಟ್ಟು ದಾಟಿದಾಗ ಕೇಳಿದಳು,
ಹತ್ತು ವರ್ಷ ಒಬ್ಬಳೇ ಕೂತಿದ್ದ ದನಿಯಲ್ಲಿ:
ಮಾತಾಡಬಹುದೇ ಈಗ?

ಆಡಿ, ಎಂದಳು ನೀವೆಸ್, ಕೈ ನಿಲ್ಲಿಸಬೇಡಿ.
ಮೂಲೆ ಇನ್ನೂ ದೂರ ಇದೆ.