ಜೇಬು ನೋಡಿದ್ದು

ಸೊಹಾರಿನಲ್ಲಿ ರಾತ್ರಿ ಎರಡಕ್ಕೂ ಗೋಡೆ ಬೆಚ್ಚಗೇ ಇರುತ್ತದೆ.
ಬೆನ್ನು ಆನಿಸಿದರೆ ಸಾಕು,
ಆ ಮಾತು ಬಂದು ಪಕ್ಕದಲ್ಲಿ ಕೂರುತ್ತದೆ:
‘ಇವತ್ತು ಜೇಬು ನೋಡಿದ್ದು ವಾಮನ.’

ಸುಳ್ಳೇನಲ್ಲ.
ಅದೇ ಕಷ್ಟ.
ಸುಳ್ಳಾಗಿದ್ದರೆ ಒಪ್ಪಿಕೊಂಡು
ಎಂದೋ ಒಗೆದು ಹಾಕಿಬಿಡುತ್ತಿದ್ದೆ.

ಯಾರದೋ ದಿಶ್ದಾಶದ ಜೇಬಲ್ಲಿ ಮೂವತ್ತು ರಿಯಾಲ್ ಇತ್ತಂತೆ.
ಅರ್ಬಾಬ್ ಕೌಂಟರಿಗೆ ಕೈಯೂರಿ ಕೇಳಿದ, ಯಾರು ಅಂತ.
ಇಸ್ತ್ರಿಪೆಟ್ಟಿಗೆ ಕೆಳಗಿಡದೆ, ತಲೆಯೆತ್ತದೆ
ನಾಲ್ಕೇ ಶಬ್ದ ಹೇಳಿದೆ.
ಐದನೇ ದಿನ ವಾಮನ ಖಾರ್ವಿ
ಒಂದು ಕಂಬಳಿ, ಒಂದು ರೈಸ್ ಕುಕ್ಕರ್ ಕಟ್ಟಿಕೊಂಡು
ಮಸ್ಕತ್ತಿನ ಬಸ್ಸು ಹತ್ತಿದ.
ಹೋಗುವಾಗ ನನ್ನ ಕಡೆ ನೋಡಲಿಲ್ಲ,
ಅಥವಾ ನೋಡಿದನೇನೋ, ನಾನೇ ನೋಡಲಿಲ್ಲ.

ಮೂರು ವಾರ ಬಿಟ್ಟು ಮೆಕ್ಯಾನಿಕ್ ಡ್ರೈಯರಿನ ಹಿಂಬದಿ ಬಿಚ್ಚಿದರೆ
ನೂಲಿನ ಕಸದಲ್ಲಿ ಬೆಕ್ಕಿನಮರಿಯಂತೆ ಮುದುಡಿಕೊಂಡು
ಒಂದು ಇಪ್ಪತ್ತು, ಒಂದು ಹತ್ತು.
ಇಸ್ತ್ರಿ ಮಾಡಿಯೇ ಕೊಟ್ಟೆ.
ಅರ್ಬಾಬ್ ಡ್ರಾಯರಿಗೆ ಹಾಕಿ ‘ಖಲಾಸ್’ ಅಂದ.
ಆ ಶಬ್ದ ನಮ್ಮೂರಲ್ಲೂ ಇದೆ.
ಯಾವ ಊರಲ್ಲಿ ಅದರಿಂದ ಏನು ಮುಗಿದಿದೆ?

ಹನ್ನೊಂದು ವರ್ಷ. ರಾತ್ರಿ ರಾತ್ರಿ
ಆ ನಾಲ್ಕರ ಜಾಗದಲ್ಲಿ ಬೇರೆ ಇಟ್ಟು ನೋಡಿದ್ದೇನೆ:
ಗೊತ್ತಿಲ್ಲ ಅರ್ಬಾಬ್.
ಮೊದಲು ಮಿಷನ್ ಬಿಚ್ಚಿ ನೋಡುವ.
ಜೇಬು ನಾನೂ ನೋಡಿದ್ದೆ.
ಎಲ್ಲ ಸರಿಯಾಗಿಯೇ ಕೂರುತ್ತವೆ, ಅಳತೆಗೆ ಹೊಲಿದ ಹಾಗೆ;
ಬೆಳಿಗ್ಗೆ ಮಾತ್ರ ಹಳೆಯದೇ ಮೈಮೇಲಿರುತ್ತದೆ.

‘ಅದರ ಜತೆ ವಾದ ಮಾಡ್ಬೇಡ’ ಅಂದ ಚಿತ್ತಗಾಂಗಿನ ಮುಫೀಜ್
ಕೆಳಗಿನ ಮಂಚದಿಂದ, ಅರ್ಧ ನಿದ್ದೆಯಲ್ಲಿ.
‘ಬಟ್ಟೆ ತಂದವರ ಜತೆ ಮಾಡ್ತೀಯಾ? ಚೀಟಿ ಕೊಡ್ತೀಯ.’

ಈಗ ಕೊಡುತ್ತೇನೆ.
ಬಂದ ಕೂಡಲೇ ಎದ್ದು ಕೂತು
ಮನಸ್ಸಲ್ಲೇ ಗುಲಾಬಿ ಚೀಟಿ ಹರಿದು
ನಂಬರ್ ಬರೆಯುತ್ತೇನೆ, ನಾನೂರ ಹದಿನೇಳು.
ಕಾಲರಿಗೆ ಪಿನ್ನು ಚುಚ್ಚಿ, ಸಲಾಕಿಗೆ ನೇತುಹಾಕಿ
ಗುರುವಾರ ಬಾ ಅನ್ನುತ್ತೇನೆ.
ಕೆಲವು ರಾತ್ರಿ ಹೋಗುತ್ತದೆ.
ಕೆಲವು ರಾತ್ರಿ ಕೌಂಟರು ಬಡಿಯುತ್ತದೆ, ಅರ್ಜೆಂಟ್, ಈಗಲೇ ಬೇಕು.
ಆಗ ಇಳಿಸುವುದೇ. ಬೆಳಗಾಗುವವರೆಗೆ
ಅದನ್ನೇ ಹಾಕಿಕೊಂಡು ಕೂರುವುದೇ.

ಕಳೆದ ರಮಝಾನಿನಲ್ಲಿ ಗಂಗೊಳ್ಳಿಯ ನಂಬರ್ ಹುಡುಕಿ ಹಚ್ಚಿದೆ.
ಅವನ ಹಿಂದೆ ಸಮುದ್ರ, ಬೋಟಿನ ಇಂಜಿನ್ನು.
ಹೇಳಬೇಕಾದ್ದು ಗಂಟಲಲ್ಲಿ ಒದ್ದೆ ಬಟ್ಟೆ.
ಅವನೇ ತಡೆದು ತಡೆದು ಕೇಳಿದ:
‘ಆ ಎರಡನೇ ಡ್ರಮ್ಮು ಈಗ್ಲೂ ಕಿರುಚ್ತದಾ ಮಾರಾಯ?’
ಕಿರುಚುತ್ತದೆ ಅಂದೆ.
ಅಷ್ಟರಲ್ಲಿ ಬಲೆ ಎಳೆಯುವ ಹೊತ್ತಾಯಿತು.

ಇವತ್ತು ಪ್ರತಿ ಜೇಬೂ ಎರಡು ಸಲ ನೋಡಿದೆ.
ಒಂದು ಖರ್ಜೂರದ ಬೀಜ. ಒಂದು ಪೆನ್ನಿನ ಟೋಪಿ.
ಲೋಟದಲ್ಲಿ ಹಾಕಿಟ್ಟಿದ್ದೇನೆ, ಕೇಳಿಕೊಂಡು ಬಂದರೆ ಕೊಡಲು.